ಮೂರು ಚಪ್ಪಾಳೆಯ ಸಾಹೇಬರು

ಮೊಮ್ಮಕ್ಕಳಾದ ಅಕ್ಷತಾ, ಶರಣು ಇಬ್ಬರಿಗೂ,

ನಾಲ್ಕು ಜನ ಕೂತಲ್ಲಿ ನನಗೆ ಮಾತು ಹೊರಡುವುದಿಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಹೋದ ಭಾನುವಾರವೂ ಹಾಗೆಯೇ ಆಯಿತು. ಅಕ್ಷತಾ ನರ್ಸಿಂಗ್ ಕಾಲೇಜಿನಿಂದ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು.

“ಅಜ್ಜಿ, ನಮ್ಮ ಕಾಲೇಜಿಗೆ ಒಬ್ರು ದೊಡ್ಡವರು ಭಾಷಣಕ್ಕ ಬಂದಿದ್ರು. ಭಾಳ ಛಲೋ ಮಾತಾಡಿದ್ರು. ರೋಗಿಗಳನ್ನ ನೋಡಿ ನೋಡಿ ಒಬ್ಬ ನರ್ಸಿನ ಮನಸ್ಸು ಬತ್ತಿ ಹೋಗಿತ್ತಂತ. ಇವರು ಅಕಿ ಕೈ ಹಿಡದು ಮ್ಯಾಲೆತ್ತಿದ್ರಂತ. ನಮ್ಮ ಹುಡುಗ್ಯಾರೆಲ್ಲ ಅತ್ತುಬಿಟ್ರು.”

ಆಮೇಲೆ ಫೋನಿನಲ್ಲಿ ಫೋಟೋ ತೋರಿಸಿದಳು. ಕೊರಳಲ್ಲಿ ಹಾರ, ಹೆಗಲ ಮೇಲೆ ಶಾಲು, ಎದೆಯ ಮೇಲೆ ಕೈ. ನನಗೆ ಗುರುತು ಸಿಕ್ಕಿತು. “ಹೌದೇನವ್ವಾ” ಎಂದಷ್ಟೇ ಹೇಳಿ ಅಕ್ಕಿ ತೊಳೆಯಲು ಒಳಗೆ ಹೋದೆ. ಅಕ್ಕಿಯನ್ನು ಐದು ಸಲ ತೊಳೆದೆ.

ಆ ನರ್ಸು ಭಾಷಣಕ್ಕಾಗಿ ಹುಟ್ಟಿದವಳಲ್ಲ. ಅವಳ ಹೆಸರು ಶಾಹಿನ್. ಅವಳನ್ನು ಯಾರೂ ಮೇಲೆತ್ತಲಿಲ್ಲ. ನಾನು ಅಲ್ಲೇ ಇದ್ದೆ. ಬಾಯಲ್ಲಿ ಹೇಳಲಾಗದ್ದನ್ನು ಬರೆದಿಡುತ್ತೇನೆ. ನಮ್ಮೂರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಅಕ್ಷರ ಇವು, ತಪ್ಪಿದ್ದರೆ ತಿದ್ದಿಕೊಂಡು ಓದಿ.

ಆ ಮನುಷ್ಯರ ಹೆಸರು ಬರೆಯುವುದಿಲ್ಲ. ಅವರ ಹೆಸರು ಈಗಾಗಲೇ ಬೇಕಾದಷ್ಟು ಸನ್ಮಾನ ಫಲಕಗಳ ಮೇಲಿದೆ, ನನ್ನ ಪೆನ್ನಿನ ಮಸಿಯೂ ಅದಕ್ಕೆ ಯಾಕೆ? ಎಲ್ಲರೂ ಕರೆಯುತ್ತಿದ್ದಂತೆ ಸಾಹೇಬರು ಎಂದೇ ಬರೆಯುತ್ತೇನೆ. ಅದು ರೂಢಿಯಿಂದ ಬರುವ ಮಾತು. ಮರ್ಯಾದೆ ಎಂದು ತಿಳಿಯಬೇಡಿ.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಗಂಗಾವತಿಯ ಒಂದು ದವಾಖಾನೆಯಲ್ಲಿ ಆಯಾ ಕೆಲಸಕ್ಕೆ ಸೇರಿದ್ದು ನಿಮಗೆ ಗೊತ್ತು. ಗಂಗಾವತಿಯಲ್ಲಿ ಅಕ್ಕಿ ಗಿರಣಿಗಳಿಗೂ ದವಾಖಾನೆಗಳಿಗೂ ಬರವಿಲ್ಲ, ಯಾವುದೆಂದು ಹುಡುಕಬೇಡಿ. ರೋಗಿಗಳ ಗಾಡಿ ತಳ್ಳುವುದು, ಬೆಡ್‌ಪ್ಯಾನ್ ತೊಳೆಯುವುದು, ಚಾದರ ಬದಲಿಸುವುದು ನನ್ನ ಕೆಲಸ. ಎಲ್ಲರ ಬಾಯಲ್ಲಿ ನಾನು ಆಯಮ್ಮ.

ಅಲ್ಲಿಗೆ ಸಾಹೇಬರು ನರ್ಸ್‌ಗಳ ಮೇಲಿನ ಅಧಿಕಾರಿಯಾಗಿ ಬಂದರು. ಮನಸ್ಸಿನ ಕಾಯಿಲೆಯವರ ಶುಶ್ರೂಷೆಯನ್ನೇ ದೊಡ್ಡ ಓದಾಗಿ ಓದಿದವರಂತೆ. ದಣಿದ ನರ್ಸ್‌ಗಳ ಮನಸ್ಸನ್ನು ನೋಡಿಕೊಳ್ಳುವುದೂ ಅವರ ಹೊಣೆ ಎಂದು ಆಡಳಿತ ಮಂಡಳಿ ಅವರನ್ನು ಕರೆಸಿತ್ತು. ಕಾಲುವೆ ನೀರಿನ ಊರಲ್ಲಿ ಹುಟ್ಟಿದವರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಕೈಗೆ ಹಚ್ಚಿಕೊಳ್ಳುವ ಔಷಧಿಯ ಸಣ್ಣ ಬಾಟಲಿ. ರೋಗಿಯ ಮನೆಯವರು ಅಳುತ್ತಿದ್ದರೆ ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಹೇಳುವರು. ಕೈ ತೆಗೆದ ಕೂಡಲೇ, ಅವರ ಕಣ್ಣೆದುರಿಗೇ, ಬಾಟಲಿ ತೆಗೆದು ಕೈ ಉಜ್ಜಿಕೊಳ್ಳುವರು. ಕೈ ಶುದ್ಧ ಮಾಡಿಕೊಳ್ಳುವುದು ದವಾಖಾನೆಯಲ್ಲಿ ತಪ್ಪಲ್ಲ. ಎರಡು ಹೆಜ್ಜೆ ಆಚೆ ಹೋಗಿ ಮಾಡಿಕೊಳ್ಳುವಷ್ಟು ಪುರುಸೊತ್ತು ಅವರಿಗೆ ಎಂದೂ ಇರಲಿಲ್ಲ, ಅಷ್ಟೇ.

ಅವರ ಮೇಜಿನ ಮೇಲೆ ಕಿನ್ನಾಳದ ಎರಡು ಮರದ ಗೊಂಬೆಗಳಿದ್ದವು, ಗಂಡ ಹೆಂಡತಿ, ಬಣ್ಣ ಹಚ್ಚಿದ ನಗುಮುಖ. ರಜೆ ಕೇಳಲು ಬಂದ ನರ್ಸ್‌ಗಳಿಗೆ ಅವುಗಳನ್ನು ತೋರಿಸುವರು. “ನೋಡ್ರಿ, ಎಷ್ಟ ವರ್ಷದಿಂದ ನನ್ನ ಮೇಜಿನ ಮ್ಯಾಲ ನಿಂತಾವ. ಒಂದು ದಿನಾನಾದ್ರೂ ನಗಿ ಬಿಟ್ಟಾವೇನು?”

ಶಾಹಿನ್ ಒಮ್ಮೆ ತಗ್ಗಿದ ದನಿಯಲ್ಲಿ, ಆದರೆ ಕೇಳುವ ಹಾಗೆ ಹೇಳಿದಳು: “ಕಟಗಿಯವು ಅದಾವಲ್ರಿ, ಅದಕ್ಕ.”

ಶಾಹಿನ್ ಕುಷ್ಟಗಿಯ ಹುಡುಗಿ. ಗಂಡಸರ ವಾರ್ಡಿನಲ್ಲಿ ಎಂಟು ವರ್ಷ ದುಡಿದಿದ್ದಳು. ಮೂವತ್ತು ಹಾಸಿಗೆಗೆ ಇಬ್ಬರು ನರ್ಸ್‌ಗಳು, ಒಬ್ಬರು ರಜೆಯಾದರೆ ಇವಳೊಬ್ಬಳೇ. ನಾಲಿಗೆ ಖಾರ, ಕೈ ಹತ್ತಿ. ಅವಳು ಸೂಜಿ ಚುಚ್ಚಿದ್ದು ಗೊತ್ತಾಗುವುದಿಲ್ಲ ಎಂದು ರೋಗಿಗಳು ಅವಳ ಪಾಳಿಗೆ ಕಾಯುತ್ತಿದ್ದರು.

ಸಾಹೇಬರಿಗೆ ಒಂದು ಮೆಚ್ಚಿನ ಮಾತಿತ್ತು. “ಕರುಣೆ ಅನ್ನೋದು ಬಾವಿ ಇದ್ದಂಗ. ಸೇದಿದಷ್ಟೂ ನೀರು ಬರ್ತೈತಿ.” ಮೊದಲ ಸಭೆಯಲ್ಲೇ ಹೇಳಿದರು. ಶಾಹಿನ್ ಎದ್ದು ನಿಂತು ಕೇಳಿದಳು, “ಸಾಹೇಬ್ರ, ನೀವು ನಮ್ಮ ಕುಷ್ಟಗಿ ಕಡೆ ಬಾವಿ ನೋಡೀರೇನ್ರಿ? ಬ್ಯಾಸಗ್ಯಾಗ ಕೊಡ ಬಿಟ್ರ ಕಲ್ಲ ಸಪ್ಪಳ ಬರ್ತೈತ್ರಿ.” ಎಲ್ಲರೂ ನಕ್ಕರು. ಸಾಹೇಬರೂ ನಕ್ಕರು, ಆದರೆ ಆವತ್ತಿನಿಂದ ಅವಳ ಹೆಸರನ್ನು ನೆನಪಿಟ್ಟುಕೊಂಡರು.

ಅವರ ಓದಿನ ಬಗ್ಗೆ ನನಗೆ ಒಂದೇ ಒಂದು ಸಾಕ್ಷಿ ಸಿಕ್ಕಿದೆ. ಒಂದು ದಿನ ಬೆಳಿಗ್ಗೆ ಯಲಬುರ್ಗಾ ಕಡೆಯ ಒಬ್ಬ ಹರೆಯದವನನ್ನು ಕರೆತಂದರು. ಮೂರು ದಿನದಿಂದ ನಿದ್ದೆ ಮಾಡಿರಲಿಲ್ಲ. ಯಾರೋ ಕೊಲ್ಲಲು ಬರುತ್ತಿದ್ದಾರೆ ಎಂದು ಚೀರುತ್ತ ಗೋಡೆಯ ಮೂಲೆಗೆ ಸೇರಿಕೊಂಡಿದ್ದ. ಇದು ಸಾಹೇಬರ ವಿದ್ಯೆ ಎಂದು ಅವರನ್ನೇ ಕರೆದರು. ಬಂದರು. ಹೊಸ್ತಿಲಿನ ಆಚೆಗೇ ನಿಂತು “ಶಾಂತವಾಗಪ್ಪಾ, ದೀರ್ಘ ಉಸಿರು ತಗೋ” ಎಂದರು. ಅವನು ನೀರಿನ ಮಗ್ಗು ಬೀಸಿ ಒಗೆದ. ಸಾಹೇಬರು ಬಾಗಿಲನ್ನು ಮುಂದೆ ಮಾಡಿಕೊಂಡು, ಅದರ ಹಿಂದಿನಿಂದ, “ಹಿಡಕೊಳ್ರಿ ಅವನ್ನ, ಹಿಡಕೊಳ್ರಿ” ಎಂದು ಕೂಗಿದರು.

ಶಾಹಿನ್ ಒಳಗೆ ಹೋಗಿ ಅವನಿಂದ ನಾಲ್ಕು ಮಾರು ದೂರ ನೆಲದ ಮೇಲೆ ಕೂತಳು. ಅವನ ಕಡೆ ನೋಡಲೂ ಇಲ್ಲ. “ರೊಟ್ಟಿ ತಿಂದೀಯೇನೋ ತಮ್ಮಾ?” ಎಂದಳು. ಅವನು ಚೀರುವುದನ್ನು ನಿಲ್ಲಿಸಿದ. “ಇಲ್ಲ” ಎಂದ. “ನಾನೂ ಇಲ್ಲ” ಎಂದಳು. ಹತ್ತು ನಿಮಿಷದಲ್ಲಿ ಅವನು ಅವಳ ಪಕ್ಕದಲ್ಲಿ ಕೂತು ನಡುಗುತ್ತಿದ್ದ, ಆಮೇಲೆ ಡಾಕ್ಟರು ಬಂದು ಸೂಜಿ ಹಾಕಿದರು. ಮರುದಿನ ಆ ಹುಡುಗನ ತಲೆಯ ಮೇಲೆ ಕೈಯಿಟ್ಟ ಫೋಟೋ ಒಂದು ಎಲ್ಲರ ಫೋನಿಗೆ ಬಂತು. ಕೈ ಯಾರದೆಂದು ಹೇಳಬೇಕಿಲ್ಲವಲ್ಲ.

ಈಗ ಚಾದರದ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ.

ಸಾಹೇಬರು ಬರುವ ಮೊದಲು ನಮ್ಮಲ್ಲಿ ಒಂದು ರೂಢಿ ಇತ್ತು. ಮಧ್ಯಾಹ್ನ ಎರಡಕ್ಕೆ ಪಾಳಿ ಬದಲಾಗುತ್ತದೆ. ಪಾಳಿ ಮುಗಿಸಿದ ನರ್ಸ್‌ಗಳು ಮನೆಗೆ ಹೋಗುವ ಮೊದಲು ಬಟ್ಟೆ ಕೋಣೆಗೆ ಬರುತ್ತಿದ್ದರು. ಒಗೆದು ಒಣಗಿದ ಚಾದರಗಳು ಅಲ್ಲಿ ರಾಶಿ ಬಿದ್ದಿರುತ್ತಿದ್ದವು. ಇಬ್ಬಿಬ್ಬರು ಎದುರುಬದುರು ನಿಂತು ಒಂದೊಂದು ಚಾದರದ ತುದಿ ಹಿಡಿಯುವರು. ಮಡಚಿ ಮುಗಿಯುವಷ್ಟರಲ್ಲಿ ಒಬ್ಬರು ಆ ದಿನ ಮನಸ್ಸಿಗೆ ಹತ್ತಿದ್ದನ್ನು ಹೇಳಬೇಕು. ಇನ್ನೊಬ್ಬರು ‘ಪಾಪ’ ಎನ್ನಬಾರದು, ಬುದ್ಧಿ ಹೇಳಬಾರದು, ಹೊರಗೆ ಆಡಬಾರದು. ಚಾದರ ರಾಶಿಗೆ ಬಿದ್ದರೆ ಮಾತು ಮುಗಿಯಿತು, ಮುಂದಿನ ಚಾದರ. ಯಾರು ಈ ಕಟ್ಟಳೆ ಮಾಡಿದರೋ ನನಗೆ ಗೊತ್ತಿಲ್ಲ. ನಾನು ಚಹಾ ಸೋಸುತ್ತ ಕೂತಿರುತ್ತಿದ್ದೆ, ಎಷ್ಟೋ ಸಲ ಇನ್ನೊಂದು ತುದಿ ನಾನೇ ಹಿಡಿಯುತ್ತಿದ್ದೆ. ಕೆಟ್ಟ ಮಾತುಗಳೂ ಬರುತ್ತಿದ್ದವು. “ಆ ಮುದುಕನ್ನ ಕತ್ತು ಹಿಚುಕಬೇಕು ಅನಸ್ತು ಇವತ್ತ” ಎಂದು ಹೇಳಿದವಳೇ ಮರುದಿನ ಅದೇ ಮುದುಕನ ಉಗುರು ಕತ್ತರಿಸುತ್ತಿದ್ದಳು.

ಸಾಹೇಬರು ಬಂದ ಎರಡನೆಯ ತಿಂಗಳಲ್ಲಿ ಅದನ್ನು ಕಂಡರು. “ಚಾದರ ಮಡಚೋದು ಆಯಾಗಳ ಕೆಲಸ. ಓದಿದವರು ಮಾಡೋ ಕೆಲಸ ಏನಿದು? ಮ್ಯಾಲ ಹರಟಿ ಬೇರೆ” ಎಂದು ಕೋಣೆಗೆ ಬೀಗ ಹಾಕಿಸಿದರು. ಅದರ ಬದಲು ಶನಿವಾರದ ಕಾರ್ಯಕ್ರಮ ಬಂತು. ಗೋಡೆಗೆ ‘ಮನಸ್ಸು ಹಗುರ’ ಎಂದು ಬ್ಯಾನರು, ಅದರಲ್ಲಿ ಅವರದೇ ಮುಖ. ಪಾಳಿ ಮುಗಿದವರು ಒಂದು ತಾಸು ಕೂಡಬೇಕು, ಕೂಡದಿದ್ದರೆ ಗೈರುಹಾಜರಿ. ಒಬ್ಬೊಬ್ಬರೇ ಎದ್ದು ‘ನನ್ನ ನೋವು’ ಎಂದು ಶುರು ಮಾಡಬೇಕು, ‘ಧನ್ಯವಾದ’ ಎಂದು ಮುಗಿಸಬೇಕು. ಆಗ ಸಾಹೇಬರು ಕೈ ಎತ್ತುವರು, ಎಲ್ಲರೂ ಮೂರು ಚಪ್ಪಾಳೆ ಹೊಡೆಯಬೇಕು. ಅದರಿಂದ ನೋವು ಹಾರಿಹೋಗುತ್ತದೆಯಂತೆ. ಎಲ್ಲದರ ಫೋಟೋ.

ನರ್ಸ್‌ಗಳೇನು ಹುಚ್ಚರೇ? ಎರಡು ವಾರದಲ್ಲಿ ಚಪ್ಪಾಳೆಗೆ ತಕ್ಕ ನೋವುಗಳನ್ನು ಕಲಿತರು. ಒಬ್ಬಳ ಸ್ಕೂಟಿ ಪಂಕ್ಚರ್ ಆಯಿತು, ಚಪ್ಪಾಳೆ. ಒಬ್ಬಳ ಮನೆಯಲ್ಲಿ ಹಾಲು ಉಕ್ಕಿತು, ಚಪ್ಪಾಳೆ. ಶಾಹಿನ್ ತನ್ನ ಬೆಕ್ಕು ಕಳೆದುಹೋಯಿತು ಎಂದಳು. ಸಾಹೇಬರು ಬಹಳ ಮರುಗಿದರು, ಫೋನಿನಲ್ಲಿ ಬರೆದುಕೊಂಡರು. ಹೊರಗೆ ಬಂದ ಮೇಲೆ ನಾನು ಕೇಳಿದೆ, “ಬೆಕ್ಕು ಯಾವಾಗ ಸಾಕಿದ್ದಿ?” “ಸಾಕಿದ್ರಲ್ಲಾ ಆಯಮ್ಮ ಕಳಿಯೋದು!” ಎಂದು ನಕ್ಕಳು.

ಆ ದವಾಖಾನೆಯಲ್ಲಿ ಅವಳ ನಗು ನಾನು ಕೇಳಿದ ಕೊನೆಯ ದಿನಗಳಲ್ಲಿ ಅದೂ ಒಂದು. ಆಮೇಲೆ ಅವಳು ತಮಾಷೆ ಬಿಟ್ಟಳು. ಕೆಲಸದಲ್ಲಿ ಏನೂ ತಪ್ಪಿರಲಿಲ್ಲ. ಸೂಜಿ, ಗುಳಿಗೆ, ಪಟ್ಟಿ ಎಲ್ಲ ಹೊತ್ತಿಗೆ ಸರಿಯಾಗಿ. ಆದರೆ ರೋಗಿ ಮಾತಾಡಿಸಿದರೆ ಅವರ ಮುಖ ಬಿಟ್ಟು ಗ್ಲೂಕೋಸ್ ಬಾಟಲಿಯನ್ನು ನೋಡುತ್ತಿದ್ದಳು.

ನಾಲ್ಕು ತಿಂಗಳಾದ ಮೇಲಿನ ಒಂದು ಶನಿವಾರ ಅವಳ ಸರದಿ ಬಂತು. ಎದ್ದು ನಿಂತಳು. ಬೆಕ್ಕಿನಂಥದೇ ಏನೋ ಹೇಳಲು ಎದ್ದಿರಬೇಕು. ಆದರೆ ಬಾಯಿಂದ ಬಂದದ್ದು ಬೇರೆ.

“ನನ್ನ ನೋವು. ನಿನ್ನೆ ಆರನೇ ಬೆಡ್ಡಿನ ಅಜ್ಜ ಹೋದ್ರು. ಹದಿನೆಂಟು ದಿನ ನಾನ ನೋಡಿಕೊಂಡಿದ್ದೆ. ಕಣ್ಣು ಮುಚ್ಚಿಸಿದೆ. ಅಜ್ಜಿ ನನ್ನ ಕಾಲಮ್ಯಾಲೆ ಬಿದ್ದು ಅಳಾಕಹತ್ತಿದ್ರು. ನನ್ನ ಮನಸ್ಸಿಗೆ ಬಂದಿದ್ದು ಒಂದ ಮಾತು. ಬೆಡ್ ಖಾಲಿ ಆತು, ಚಾದರ ಬದಲಿ ಮಾಡಬೇಕು. ಅಷ್ಟ. ಬ್ಯಾರೆ ಏನೂ ಬರಲಿಲ್ಲ. ಭಾಳ ದಿನ ಆತು, ಏನೂ ಬರವಲ್ದು. ನನಗ ಅಂಜಿಕಿ ಬಂದೈತಿ.”

ಅವಳು ಧನ್ಯವಾದ ಹೇಳಲಿಲ್ಲ. ಸಾಹೇಬರು ಫೋನಿನಿಂದ ತಲೆ ಎತ್ತಿ, ಕೈ ಎತ್ತಿದರು.

ನಾವು ಚಪ್ಪಾಳೆ ಹೊಡೆದೆವು. ಮೂರು ಸಲ. ಕೈಗಳಿಗೆ ಅಷ್ಟು ರೂಢಿಯಾಗಿತ್ತು. ನಾನು ಬಾಗಿಲ ಹತ್ತಿರ ಚಹಾದ ಟ್ರೇ ಹಿಡಿದು ನಿಂತಿದ್ದೆ. ಟ್ರೇಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಎರಡೂ ಕೈ ಖಾಲಿ ಮಾಡಿಕೊಂಡು, ನಾನೂ ಹೊಡೆದೆ.

ಶಾಹಿನ್ ನಮ್ಮೆಲ್ಲರ ಕಡೆ ಒಮ್ಮೆ ನೋಡಿ ಕೂತಳು. “ಛಲೋ ಹೇಳಿದ್ರಿ. ಮುಂದಿನವ್ರು” ಎಂದರು ಸಾಹೇಬರು.

ಸೋಮವಾರ ಅವಳ ಕೈಗೆ ನೋಟಿಸು ಬಂತು. ರೋಗಿಗಳ ಬಗ್ಗೆ ಕರುಣೆ ಇಲ್ಲವೆಂದು ಎಲ್ಲರೆದುರು ಒಪ್ಪಿಕೊಂಡಿದ್ದಾಳೆ, ಕೆಲಸದಿಂದ ಯಾಕೆ ತೆಗೆಯಬಾರದು ಎಂದು. ಯಾರು ದಣಿದವರನ್ನು ನೋಡಿಕೊಳ್ಳಲು ಸಂಬಳ ಪಡೆಯುತ್ತಿದ್ದರೋ ಅವರೇ, ದಣಿದೆ ಎಂದದ್ದಕ್ಕೆ ಬರೆದ ಕಾಗದ ಅದು. ಕುಷ್ಟಗಿಯಲ್ಲಿ ಅವಳ ತಾಯಿ, ಇಬ್ಬರು ತಂಗಿಯರು ಅವಳ ಸಂಬಳದ ಮೇಲಿದ್ದರು. ಕೆಲಸ ಹೋದರೂ ಬೇರೆ ಕಡೆ ಸಿಕ್ಕೀತು, ಆದರೆ ಕರುಣೆಯಿಲ್ಲದ ನರ್ಸು ಎಂದು ಬರೆದ ಕಾಗದ ಹಿಂದೆ ಬಂದರೆ ಯಾವ ದವಾಖಾನೆ ಅವಳನ್ನು ಒಳಗೆ ಬಿಟ್ಟೀತು?

ಸಾಹೇಬರ ಬಗ್ಗೆ ಒಂದಾದರೂ ಒಳ್ಳೆಯ ಮಾತು ಬರೆಯಬೇಕೆಂದು ಎರಡು ದಿನ ಯೋಚಿಸಿದೆ. ಲಂಚ ತಿನ್ನಲಿಲ್ಲ. ಆಯಾಗಳಿಗೆ ಬೈಯಲಿಲ್ಲ, ಬೈಯಲು ನಾವು ಕಣ್ಣಿಗೆ ಬೀಳಬೇಕಿತ್ತಲ್ಲ. ಇನ್ನೊಂದು ನೆನಪಾಗುತ್ತದೆ. ಆ ದಿನಗಳಲ್ಲೇ ಅವರ ತಾಯಿ ತೀರಿಕೊಂಡರು. ತಲೆ ಬೋಳಿಸಿಕೊಂಡು ಬಂದ ವಾರವೇ ಶನಿವಾರದ ಸಭೆಯಲ್ಲಿ ತಾಯಿಯ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದರು. ಒಂದು ಮಾತೂ ಎಡವಲಿಲ್ಲ, ದನಿ ಒಮ್ಮೆಯೂ ಇಳಿಯಲಿಲ್ಲ. ಇವರಿಗೂ ಏನೂ ಬರುತ್ತಿಲ್ಲವೇನೋ, ಪಾಪ, ಹೇಳಿಕೊಳ್ಳಲು ಇವರಿಗೆ ಯಾರೂ ಇಲ್ಲವೇನೋ ಎಂದು ಒಂದು ಕ್ಷಣ ಕನಿಕರ ಬಂತು. ಅಷ್ಟರಲ್ಲಿ ಅವರು ತಿರುಗಿ, “ಫೋಟೋ ಸರಿಯಾಗಿ ಬಂದಾವೇನು?” ಎಂದರು. ಕನಿಕರ ಅಲ್ಲಿಗೇ ನಿಂತಿತು.

ವಿಚಾರಣೆಯ ದಿನ ಆಡಳಿತ ಮಂಡಳಿಯ ಮೂವರು ಬಂದು ಶನಿವಾರದ ಕಾರ್ಯಕ್ರಮದ ಕೋಣೆಯಲ್ಲೇ ಕೂತರು. ಅಧ್ಯಕ್ಷರು ಅಕ್ಕಿ ಗಿರಣಿಯವರು, ವಯಸ್ಸಾದವರು, ಕಿವಿ ಸ್ವಲ್ಪ ಮಂದ. ಸಾಕ್ಷಿಗೆ ನಾಲ್ಕು ನರ್ಸ್‌ಗಳು ಸಹಿ ಹಾಕಿ ತಲೆ ತಗ್ಗಿಸಿ ಹೊರಗೆ ಬಂದರು. ಅವರಿಗೆ ಅವರ ಕೆಲಸದ ಭಯ. ಐದನೆಯವಳಾಗಿ ನನ್ನನ್ನು ಕರೆದರು. ಆಯಾ ಕೂಡ ಹೇಳಿದಳು ಎಂದಾದರೆ ಗಟ್ಟಿ ಎಂದು ಸಾಹೇಬರ ಲೆಕ್ಕಾಚಾರ. ನನ್ನ ಮುಂದೆ ಒಂದು ಕಾಗದ ಇಟ್ಟರು, ಪಕ್ಕದಲ್ಲಿ ಮಸಿಯ ಪ್ಯಾಡು ಸರಿಸಿದರು.

“ಆಯಮ್ಮ, ಇಲ್ಲಿ ಹೆಬ್ಬೆಟ್ಟು ಒತ್ತು” ಎಂದರು ಸಾಹೇಬರು.

ದಿನಾ ಬೆಳಿಗ್ಗೆ ಅವರ ಕೋಣೆಯ ಹೊರಗಿನ ಹಾಜರಿ ಯಂತ್ರಕ್ಕೆ ನಾನು ಹೆಬ್ಬೆರಳು ಒತ್ತುತ್ತಿದ್ದೆ. ಡಾಕ್ಟರೂ ಒತ್ತುತ್ತಿದ್ದರು. ಆದರೆ ನನ್ನ ಬೆರಳಿನಿಂದ ಅವರು ನನ್ನ ಓದನ್ನೂ ಅಳೆದುಬಿಟ್ಟಿದ್ದರು. ನಾನು ಕಾಗದವನ್ನು ಕೈಗೆ ತೆಗೆದುಕೊಂಡೆ. ಶಾಲೆಯಲ್ಲಿ ಗುರುಗಳು ಎಬ್ಬಿಸಿದಾಗ ಓದುತ್ತಿದ್ದಂತೆ, ಅಕ್ಷರ ಅಕ್ಷರ ಬಿಡಿಸಿ ಗಟ್ಟಿಯಾಗಿ ಓದಿದೆ: ‘ರೋಗಿ ಸತ್ತರೆ ತನಗೆ ಏನೂ ಅನಿಸುವುದಿಲ್ಲವೆಂದು ಸದರಿ ನರ್ಸ್ ನಗುತ್ತಾ ಹೇಳಿದ್ದನ್ನು ನಾನು ಖುದ್ದು ಕೇಳಿರುತ್ತೇನೆ.’

ಸಾಹೇಬರ ಬಾಯಿ ಸ್ವಲ್ಪ ತೆರೆದೇ ಉಳಿಯಿತು. ನಾನು ಅವರ ಕಡೆ ನೋಡದೆ ಅಧ್ಯಕ್ಷರಿಗೆ ಹೇಳಿದೆ, “ಯಜಮಾನ್ರ, ನಗುತ್ತಾ ಅಂತ ಬರದೈತ್ರಿ. ಅಕಿ ನಗಲಿಲ್ರಿ. ‘ನನಗ ಅಂಜಿಕಿ ಬಂದೈತಿ’ ಅಂದ್ಲು. ಅದು ಇದರಾಗ ಇಲ್ರಿ.”

“ಅಂಜಿಕಿ ಬಂದೈತಿ ಅಂದ್ಲಾ? ಅದಕ್ಕ ನೀವೆಲ್ಲಾ ಏನ್ ಮಾಡಿದ್ರಿ?”

“ಚಪ್ಪಾಳೆ ಹೊಡದ್ವಿ ರಿ.”

“ಏನು?” ಎಂದು ಅವರು ಕಿವಿಗೆ ಕೈಯಿಟ್ಟರು.

“ಚಪ್ಪಾಳೆ ರಿ. ಮೂರ ಸಲ. ಸಾಹೇಬ್ರು ಕೈ ಎತ್ತಿದ್ರು, ಹೊಡದ್ವಿ. ನಾನೂ ಹೊಡದೆ ರಿ.”

ನನ್ನ ಜೀವನದಲ್ಲಿ ನಾಲ್ಕು ಜನರೆದುರು ಅಷ್ಟು ಮಾತಾಡಿದ್ದು ಅದೊಂದೇ ಸಲ. ಅಧ್ಯಕ್ಷರು ಬಹಳ ಹೊತ್ತು ಬ್ಯಾನರಿನ ಕಡೆ ನೋಡಿದರು. ಆಮೇಲೆ ಆ ನಾಲ್ಕು ನರ್ಸ್‌ಗಳನ್ನು ಮತ್ತೆ ಕರೆಸಿದರು. ಒಬ್ಬೊಬ್ಬರೇ “ಹೌದ್ರಿ, ಅಂಜಿಕಿ ಅಂದ್ಲು” ಎಂದರು.

ಗೆದ್ದೆವು ಎಂದು ತಿಳಿಯಬೇಡಿ. ನೋಟಿಸನ್ನು ಹಿಂದಕ್ಕೆ ಪಡೆದರು, ಕೆಟ್ಟ ಕಾಗದ ಬರೆಯಲಿಲ್ಲ. ಆದರೆ ಸಾಹೇಬರನ್ನು ಯಾರೂ ಏನೂ ಕೇಳಲಿಲ್ಲ. ಶಾಹಿನಳಿಗೆ ವಿಶ್ರಾಂತಿ ಬೇಕು ಎಂದು ಅವರೇ ಸಲಹೆ ಕೊಟ್ಟು, ವಾರ್ಡಿನಿಂದ ತೆಗೆದು ನೆಲಮಾಳಿಗೆಯಲ್ಲಿ ಚೀಟಿ ಬರೆಯುವ ಕೌಂಟರಿಗೆ ಕೂರಿಸಿದರು. ಬಟ್ಟೆ ಕೋಣೆಯ ಬೀಗ ತೆಗೆಯಲಿಲ್ಲ. ಎರಡು ತಿಂಗಳು ಚೀಟಿ ಬರೆದು ಅವಳು ಕೆಲಸ ಬಿಟ್ಟು ಯಲಬುರ್ಗಾದ ಒಂದು ಸಣ್ಣ ಹೆರಿಗೆ ದವಾಖಾನೆಗೆ ಹೋದಳು. ಸಾಹೇಬರು ನಿವೃತ್ತಿಯವರೆಗೂ ಶನಿವಾರ ನಡೆಸಿದರು. ಈಗ ಕಾಲೇಜುಗಳಲ್ಲಿ ನಡೆಸುತ್ತಿದ್ದಾರೆ.

ಅಕ್ಷತಾ ಫೋಟೋ ತೋರಿಸಿದ ಮರುದಿನ ನಾನು ಶಾಹಿನಳಿಗೆ ಫೋನ್ ಮಾಡಿ ಹೇಳಿದೆ.

“ಮ್ಯಾಲೆತ್ತಿದ್ರಂತ?” ಎಂದು ಅವಳು ಜೋರಾಗಿ ನಕ್ಕಳು. “ಆಯಮ್ಮ, ನೆಲಮಾಳಿಗಿಗೆ ಇಳಿಸಿದ್ರಲ್ಲ!”

ಬರೆದಿಡಲೇನು ಎಂದು ಕೇಳಿದೆ. ಬರಿ, ನನ್ನ ಹೆಸರು ಹಾಕಿ ಬರಿ ಎಂದಳು. ಆಮೇಲೆ, ಅಷ್ಟು ವರ್ಷ ಕೇಳಲು ನಾಚಿಕೆಪಟ್ಟ ಮಾತನ್ನು ಕೇಳಿದೆ. “ಈಗ ಏನರ ಬರ್ತೈತೇನವ್ವಾ, ಮನಸ್ಸಿಗೆ?”

“ಒಮ್ಮೊಮ್ಮೆ ಆಯಮ್ಮ. ಎಲ್ಲಾದಕ್ಕೂ ಬರಂಗಿಲ್ಲ. ಮೊನ್ನೆ ಒಂದು ಕೂಸು ಉಳೀಲಿಲ್ಲ. ಮನಿಗೆ ಹೋಗಿ ಅತ್ತೆ. ಅಳು ಬಂತಲ್ಲಾ ಅಂತ ಖುಷಿ ಆತು ನೋಡು. ಎಂಥಾ ಹುಚ್ಚಿ ನಾನು.”

ಅಕ್ಷತಾ, ನೀನು ಒಳ್ಳೆಯ ನರ್ಸ್ ಆಗುತ್ತೀ. ಅದಕ್ಕೇ ಒಂದು ದಿನ ನಿನಗೂ ಏನೂ ಬಾರದೆ ಹೋಗುತ್ತದೆ. ಆವತ್ತು ವೇದಿಕೆಯ ಮೇಲಿನವರ ಹತ್ತಿರ ಹೋಗಬೇಡ. ನಿನ್ನ ಪಾಳಿಯವಳೇ ಯಾರಾದರೂ, ಕೈಯಲ್ಲಿ ಕೆಲಸ ಇರುವವಳು, ಸುಮ್ಮನೆ ಕೇಳಿಸಿಕೊಳ್ಳುವವಳು ಸಿಕ್ಕರೆ ಅವಳಿಗೆ ಹೇಳು. ನಾಳೆ ಬೇರೆ ಯಾವಳೋ ಬಂದು ನಿನಗೆ ಹೇಳಿದರೆ ನಿನ್ನ ಕೈ ಎಲ್ಲಿದೆ ನೋಡಿಕೋ.

ಸಾಹೇಬರ ಭಾಷಣಗಳು ಪುಸ್ತಕವಾಗಿ ಬರುತ್ತವೆಯಂತೆ. ಅದನ್ನು ಕಾಯ್ದಿಡಲು ಜನ ಇದ್ದಾರೆ. ಶಾಹಿನಳದು ಈ ಹಾಳೆಗಳಲ್ಲಿ ಮಾತ್ರ ಇದೆ. ಶರಣು, ಇವನ್ನು ನೀರು, ಇರುವೆ ತಾಗದ ಕಡೆ ಇಡು, ಅಕ್ಕನಿಗೆ ಬೇಕಾದಾಗ ಸಿಗುವ ಹಾಗೆ ಇಡು. ನಮ್ಮ ಅಜ್ಜಿಯ ಮಾನ ಹೋಗುತ್ತದೆ ಎಂದು ಮುಂದೆಂದಾದರೂ ನಿಮಗೆ ಅನಿಸಬಹುದು. ಅನಿಸಿದರೂ, ನಾನು ಟ್ರೇ ಕೆಳಗಿಟ್ಟು ಚಪ್ಪಾಳೆ ಹೊಡೆದ ಹಾಳೆಯನ್ನು ಮಾತ್ರ ತೆಗೆದುಹಾಕಬೇಡಿ.